ಕೈ ಎತ್ತಿದವರ ಲೆಕ್ಕ

ಮುನಿರಾಬಾದಿನ ಸರಕಾರಿ ಪ್ರೌಢಶಾಲೆ, ಒಂಬತ್ತನೇ ಇಯತ್ತೆ.
ಬಿಸಿಯೂಟಕ್ಕೆ ಇನ್ನೂ ಇಪ್ಪತ್ತು ನಿಮಿಷ.
ವಿಜ್ಞಾನ ಕೋಣೆಯಿಂದ ತಂದ ಎತ್ತರದ ಸ್ಟೂಲಿನ ಮೇಲೆ
ಸಭಾಧ್ಯಕ್ಷೆ ಹುಲಿಗೆಮ್ಮ; ಕಾಲು ನೆಲ ಮುಟ್ಟುತ್ತಿಲ್ಲ.
ಪ್ರಧಾನಿ ಯಮನೂರಪ್ಪನ ಕೋಟು ಅವರಪ್ಪನ ಮದುವೆಯದು.
ವಿರೋಧ ಪಕ್ಷ ಕಿಟಕಿಯ ಕಡೆ, ಅಲ್ಲಿ ಗಾಳಿ ಹೆಚ್ಚು.

ಅಣಕು ಸಂಸತ್ತಿಗೆ ಮೇಲಿನವರು ಕಳಿಸಿದ ವಿಷಯ ನೀರಿನ ಮಿತಬಳಕೆ.
ಅಣೆಕಟ್ಟಿನ ಬುಡದಲ್ಲಿ ಹುಟ್ಟಿದವರಿಗೆ ರುಚಿಸಲಿಲ್ಲ.
ಯಮನೂರಪ್ಪ ಎದ್ದ, ಕೆಮ್ಮಿದ:
"ಮಾನ್ಯ ಸಭಾಧ್ಯಕ್ಷರೇ, ನಾಳೆ ಮುಂಜಾನೆ ಸೈನ್ಯ ಕಳಸಬೇಕಂತ ಮಾಡೀವಿ,
ಸದನ ಹೂಂ ಅನ್ನಬೇಕು."
ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. ಬೆಂಚು ಬಡಿದರು.

ತಪ್ಪು ತಿದ್ದುವುದು ಹದಿನೆಂಟು ವರ್ಷದ ಚಟ ನನಗೆ.
ತುರ್ತುಪರಿಸ್ಥಿತಿ ಸಾರಿದರೆ ತಿಂಗಳೊಳಗೆ ಸದನ ಒಪ್ಪಬೇಕು,
ತೋಫಿನ ದುಡ್ಡಿಗೆ, ಬೂಟಿನ ದುಡ್ಡಿಗೆ ಸದನ ಒಪ್ಪಬೇಕು,
ಹೊರಡು ಅನ್ನುವ ಮಾತಿಗೆ ಮಾತ್ರ
ಮೊದಲು ಕೇಳಬೇಕೆಂದು ಎಲ್ಲೂ ಬರೆದಿಲ್ಲ, ಅಂದೆ.
ಮಂತ್ರಿಮಂಡಲ ಕೂಡುತ್ತದೆ. ಆಜ್ಞೆ ಹೋಗುತ್ತದೆ.
ಸದನಕ್ಕೆ ಆಮೇಲೆ ತಿಳಿಸುತ್ತಾರೆ.

"ಮದಿವಿ ಮುಗದಮ್ಯಾಲೆ ಕಾರ್ಡು ಕೊಟ್ಟಂಗೇನ್ರಿ ಸರ?"
ಮೂರನೇ ಬೆಂಚಿನ ಮೌಲಾಬಿ.
ಎಲ್ಲರೂ ನಕ್ಕರು. ಅವಳು ನಗಲಿಲ್ಲ.
ಅವಳಣ್ಣ ಎಲ್ಲಿದ್ದಾನೆಂದು ಹೇಳಬಾರದ ಜಾಗದಲ್ಲಿದ್ದಾನೆ;
ನೆಟ್‌ವರ್ಕ್ ಸಿಕ್ಕ ದಿನ ಊಟ ಆತು ಅನ್ನುತ್ತಾನೆ, ಅಷ್ಟೇ.

ಇದಕ್ಕೂ ಉತ್ತರವಿದೆ: ವೇಗ, ಗುಟ್ಟು.
ಐನೂರು ಮಂದಿ ಮಾತಾಡಿ ಮುಗಿಸುವತನಕ ಗಡಿ ಕಾಯುವುದಿಲ್ಲ.
ಸುಳ್ಳಲ್ಲ ಅದು. ಹೇಳಿದೆ.
ಹೇಳುತ್ತಿರುವಾಗಲೇ ಹೊಳೆಯ ಕಡೆ ರೈಲು ಸೇತುವೆ ದಾಟಿದ ಸದ್ದು.

ನಿಜಾಮನ ಕಾಲದಲ್ಲಿ ಹೊಳೆಯೇ ಗಡಿ.
ಸಾವಂತ್ರೆವ್ವಜ್ಜಿಗೆ ಆಗ ಹತ್ತು ವರ್ಷ.
ತಪ್ಪಿಸಿಕೊಂಡ ಎಮ್ಮೆ ಹುಡುಕಲು ಹೋದಾಕಿ
ಬಂಡೆ ಹಿಂದಿಂದ ಕಂಡಳಂತೆ: ಆಚೆ ದಡದಿಂದ
ಲಾರಿ, ಲಾರಿಯ ಹಿಂದೆ ಲಾರಿ, ತೋಫು ಎಳೆದುಕೊಂಡು.
ಊರು ಬೇಡಿಕೊಂಡದ್ದೇ ಆಗಿತ್ತು. ಸಕ್ಕರೆ ಹಂಚಿದರು.
ಮಗ್ಗುಲ ಓಣಿಯ ಬಾಗಿಲು ಎಂಟು ದಿನ ತೆರೆಯಲಿಲ್ಲ;
ಅದನ್ನೂ ಹೇಳುತ್ತಿದ್ದಳು, ದನಿ ತಗ್ಗಿಸಿ.
ಪೇಪರಿನವರು ಕೊಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ.
ಸಾಯುವತನಕ ಒಗ್ಗಲಿಲ್ಲ ಮುದುಕಿಗೆ:
"ಪೊಲೀಸರ ಕೈಯಾಗ ಲಾಠಿ ಇರ್ತೈತಲ್ಲೋ ತಮ್ಮಾ,
ಅಷ್ಟುದ್ದ ತೋಫು ಯಾಕ ಬೇಕಾಗಿತ್ತು?"

ನನ್ನ ತರಗತಿಯಲ್ಲಿ
ನೀರು ಕುಡಿಯಲು ಹೋಗುವುದಕ್ಕೂ ಕೈ ಎತ್ತಬೇಕು.

"ಬರೀಲಿಲ್ಲಂದ್ರ ಬಿಡ್ರಿ ಸರ, ನಾವು ಕೇಳೂಣು"
ಅಂದ ಯಮನೂರಪ್ಪ, ಪ್ರಧಾನಿಯ ಧಾರಾಳತನದಲ್ಲಿ.
ಆಗ ಶುರುವಾಯಿತು ಕಿಟಕಿಯ ಕಡೆಯಿಂದ:
ಎಲ್ಲಿಗೆ? ಎಷ್ಟ ದಿನ? ಎದುರಿಗೆ ಯಾರದಾರ?
ತಿರುಗಿ ಕರಸಾಕ ಮತ್ತ ಕೈ ಎತ್ತಬೇಕೇನು?
ಪ್ರಧಾನಿ ಕೋಟಿನ ಜೇಬು ತಡಕಾಡಿದ.
ಅಪ್ಪನ ಮದುವೆಯ ಒಂದು ಒಣ ಅಡಿಕೆ ಸಿಕ್ಕಿತು.

ಹುಲಿಗೆಮ್ಮ ಎಣಿಸಿದಳು, ಬೆರಳ ಗೆಣ್ಣು ಹಿಡಿದು.
ಪರ ಹತ್ತೊಂಬತ್ತು. ವಿರೋಧ ಹತ್ತೊಂಬತ್ತು.
ಮೌಲಾಬಿಯ ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತ್ತು,
ಪರ ಎಂದಾಗಲೂ ಅಲ್ಲೇ, ವಿರೋಧ ಎಂದಾಗಲೂ ಅಲ್ಲೇ.
"ಏನವಾ, ನೀರಿಗೋ?" ಅಂದೆ.
ತಲೆ ಅಲ್ಲಾಡಿಸಿದಳು. ಇಳಿಸಲಿಲ್ಲ.

ಗಂಟೆ. ಮೂವತ್ತೆಂಟು ತಟ್ಟೆ ಒಂದೇ ಸಲ.
ಮೇಲಿನವರ ನಮೂನೆಯಲ್ಲಿ ಎರಡೇ ಕಲಂ, ಅಂಗೀಕೃತ, ತಿರಸ್ಕೃತ.
ಆ ಗದ್ದಲದಲ್ಲಿ ಧ್ವನಿಮತ ಎಂದು ಬರೆದುಬಿಡಬಹುದಿತ್ತು,
ಪೆನ್ನಿನ ಟೊಪ್ಪಿಗೆ ತೆಗೆದಿದ್ದೆ ಕೂಡ.

ಸ್ಟೂಲಿನಿಂದ ಇಳಿದಿರಲಿಲ್ಲ ಹುಲಿಗೆಮ್ಮ.
ಸಮ ಬಂದರೆ ನಿನ್ನದೇ ಓಟು ಕಣವ್ವಾ, ಹಾಕು, ಅಂದೆ.
"ಆಕಿ ಕೈ ಇಳಸೂತನಕ ಎಣಿಕಿ ಮುಗದಿಲ್ರಿ ಸರ."
ಅನ್ನ ಆರುತ್ತದೆ, ಅಂದೆ.
"ಆರ್ಲಿ ಬಿಡ್ರಿ."