ತಿದ್ದದೆ ಓದಿದ್ದು

ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ಹೊಂಗೆ ಮರದಡಿ
ಅರ್ಜಿ ಬರೆದವಳು ನಾನು.
ಜನ ಅತ್ತು ಹೇಳಿದ್ದನ್ನು
'ಈ ಮೂಲಕ ವಿನಂತಿಸಿಕೊಳ್ಳುವುದೇನೆಂದರೆ' ಮಾಡಿ,
ಬೈದು ಹೇಳಿದ್ದನ್ನು 'ದಯಮಾಡಿ' ಮಾಡಿ,
ಹಾಳೆಗೆ ಹತ್ತು ರೂಪಾಯಿ.
ಆ ಕೈಚಳಕ ಮರೆಯುವುದೇ ಈಗಿನ ಕೆಲಸ.

ಈ ಕೆಲಸಕ್ಕೆ ಸರಿಯಾದ ಹೆಸರಿಲ್ಲ.
ಗೇಟಿನ ಪುಸ್ತಕದಲ್ಲಿ 'ಸಂಬಂಧ' ಎನ್ನುವ ಕಲಂ ಬಂದಾಗ
ಪೆನ್ನು ನಿಲ್ಲುತ್ತದೆ.
ತಾಯಿಯಲ್ಲ, ಟೀಚರಲ್ಲ, ಬಾಲಮಂದಿರದ ಸಂಬಳದವಳಲ್ಲ,
ಸಮಿತಿಯವಳೂ ಅಲ್ಲ.
ಕಾವಲಿನ ಸಿದ್ದೇಗೌಡರು ತಾವೇ ಬರೆದುಕೊಂಡರು:
'ಮಾತಿನವರು.'

ಲಿಖಿತಾ, ಹದಿಮೂರು, ಆಲೂರಿನ ಕಡೆಯವಳು.
ಮೊದಲ ಮೂರು ಭೇಟಿ ಮಾತೇ ಆಡಲಿಲ್ಲ.
ಕಡಲೆಕಾಯಿ ಸುಲಿದಳು,
ಸಿಪ್ಪೆ ನನ್ನ ಕಡೆಗೆ, ಕಾಳು ತನ್ನ ಕಡೆಗೆ.
ನಾಲ್ಕನೆಯ ಸಲ ಕೇಳಿದಳು:
'ನಾನು ಹೇಳಿದ್ದು ಮೇಡಮ್ಮಿಗೆ ಹೇಳ್ತೀರಾ?'
ನೀನು ಹೇಳು ಅಂದರೆ ಹೇಳ್ತೀನಿ, ಬೇಡ ಅಂದರೆ ಇಲ್ಲ.
ಯಾರಾದರೂ ನಿನಗೆ ನೋವು ಮಾಡಿದ್ದರೆ ಮಾತ್ರ
ಬಚ್ಚಿಡಲಾರೆ. ಇದನ್ನು ಮೊದಲೇ ಹೇಳಿರ್ತೀನಿ.
ಅವಳು ಯೋಚಿಸಿದಳು.
ಒಂದು ಕಾಳು ನನ್ನ ಕಡೆ ತಳ್ಳಿದಳು.

ನಮ್ಮ ಹಾಸನದಲ್ಲಿ
ವರ್ಷಕ್ಕೊಮ್ಮೆ ಬಾಗಿಲು ತೆಗೆಸಿಕೊಳ್ಳುವ ದೇವಿಯಿದ್ದಾಳೆ.
ಹಚ್ಚಿಟ್ಟ ದೀಪ ಆರಿರುವುದಿಲ್ಲ,
ಮುಡಿಸಿದ ಹೂ ಬಾಡಿರುವುದಿಲ್ಲವಂತೆ.
ಅವಳು ದೇವಿ, ತಡೆದುಕೊಳ್ಳುತ್ತಾಳೆ.
ಲಿಖಿತಾಳ ಕಡತ ತೆಗೆದರೆ
ಹೋದ ದೀಪಾವಳಿಯ ಟಿಪ್ಪಣಿ: 'ಮಗು ಹೊಂದಿಕೊಂಡಿದೆ.'
ಕಡತದಲ್ಲಿ ಮಗು ಎಂದರೆ 'ಅದು'.
ಅಲ್ಲಿಂದೀಚೆಗೆ ಅದು ಮೂರು ಇಂಚು ಬೆಳೆದಿದೆ,
ಅದಕ್ಕೆ ಕನ್ನಡಕ ಬಂದಿದೆ,
ಚಿಕ್ಕಮಗಳೂರಿನ ಹುಡುಗರ ಮಂದಿರದಲ್ಲಿ
ಅದರ ತಮ್ಮನ ಮುಂದಿನ ಹಲ್ಲು ಬಿದ್ದಿದೆ.
ಯಾರೂ ಹೇಳಿಲ್ಲ,
ಯಾವುದೋ ಗುಂಪು ಫೋಟೋದಲ್ಲಿ ತಾನೇ ಕಂಡುಕೊಂಡಿದ್ದಾಳೆ.

ಚನ್ನರಾಯಪಟ್ಟಣದಿಂದ ಚಿಕ್ಕಮ್ಮ ಬಂದಿದ್ದಾಳೆ, ಸುಧಾಮಣಿ.
ಒಳ್ಳೆಯವಳು. ಇದನ್ನು ಬರೆಯಲೇಬೇಕು.
ಹೊಸ ಹಾಸಿಗೆ, ಸೊಳ್ಳೆಪರದೆ ತಂದಿಟ್ಟಿದ್ದಾಳಂತೆ,
ಶಾಲೆಯಲ್ಲಿ ಸೀಟು ಕೇಳಿಬಂದಿದ್ದಾಳಂತೆ.
ನನ್ನನ್ನು ಕೇಳಿದರೆ, ಹೋಗಲಿ ಎನ್ನುತ್ತೇನೆ.
ನನ್ನನ್ನು ಕೇಳಬಾರದು.

ಹಿಂದಿನ ರಾತ್ರಿ, ಸಾಲಗಾಮೆ ರಸ್ತೆಯ ಬಾಡಿಗೆ ಮನೆಯಲ್ಲಿ,
ಅವಳ ಚೀಟಿ ಮೇಜಿನ ಮೇಲೆ.
ಗೆರೆ ಹಾಳೆ, ನೀಲಿ ಪೆನ್ನು, ಒತ್ತಕ್ಷರಗಳೆಲ್ಲ ಜಾರಿವೆ.
ಹಳೆಯ ಬೆರಳು ತಾನಾಗಿ ಕೆಂಪು ಪೆನ್ನು ಹುಡುಕಿತು.
'ಬರಲ್ಲ' ಎನ್ನುವುದನ್ನು
'ಸದ್ಯಕ್ಕೆ ಸೂಕ್ತವಲ್ಲ' ಎಂದರೆ ಕೇಳುವ ಕಿವಿಗೆ ಹಿತ.
ಎದ್ದು, ಪೆನ್ನನ್ನು ಅಕ್ಕಿಡಬ್ಬಿಗೆ ಹಾಕಿ ಮಲಗಿದೆ.

ಸಮಿತಿಯ ಕೊಠಡಿ. ಐದು ಕುರ್ಚಿ, ಒಂದು ಫ್ಯಾನು.
ಅವಳು ಬಂದಳು, ನಿಂತಳು, ಗಂಟಲು ಕಟ್ಟಿತು.
ನನ್ನ ಕಡೆ ಗಲ್ಲ ಎತ್ತಿದಳು: ನೀವೇ ಓದಿ.
ಓದಿದೆ, ಜಾರಿದ್ದು ಜಾರಿದಂತೆಯೇ:

'ಚಿಕಮ್ಮ ಒಳೇರು. ಆದ್ರೆ ಈಗ ಬರಲ್ಲ.
ಅವ್ರ ಮನೇಲಿ ನನ್ ತಮ್ಮಂಗೆ ಜಾಗ ಇಲ್ವಂತೆ.
ನಾನೊಬ್ಳೇ ಹೋದ್ರೆ ಬಿಟ್ಟೋದ್ಳು ಅನ್ಕತಾನೆ.
ಎರಡು ವಾರಕ್ಕೊಂದ್ ಸಲ ಅವನ್ನ ತೋರ್ಸಿ.
ಬಸ್ಸಿಗೆ ಎರಡು ಗಂಟೆ ಕೂಡ ಆಗಲ್ಲ, ಕೇಳಿದೀನಿ.
ಆಮೇಲೆ ಪುನಃ ನನ್ನ ಕೇಳಿ.
ಫೈಲ್ನಲ್ಲಿ ಮಗು ಅಂತ ಬರೀಬೇಡಿ, ಹೆಸ್ರು ಬರೀರಿ.'

ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು.
ಅಧ್ಯಕ್ಷೆ ತಲೆಯೆತ್ತಿ,
'ನಿಮ್ಮ ಅಭಿಪ್ರಾಯ ಏನು ಪಂಕಜಾಕ್ಷಿಯವರೇ?'
ಇತ್ತು. ಕೊಡೆಯ ಜೊತೆ, ಬೆಂಚಿನ ಕೆಳಗೆ.
'ಅದು ಹೊರಗಿದೆ ಮೇಡಂ' ಎಂದೆ.

ಆದೇಶ ಪೂರ್ತಿ ಅವಳ ಕಡೆ ಬರಲಿಲ್ಲ.
ತಿಂಗಳಿಗೊಮ್ಮೆ ತಮ್ಮ, ಮೂರು ತಿಂಗಳಿಗೆ ಮತ್ತೆ ವಿಚಾರಣೆ.
ಹೆಸರನ್ನು ಮಾತ್ರ ಗುಮಾಸ್ತ ಅಲ್ಲೇ ಬರೆದ,
ಲಿಖಿತ ಎಂದು, ಅವಸರದಲ್ಲಿ.
ಅವಳು ಮೇಜಿನ ಮೇಲೆ ಬಗ್ಗಿ
ಕೊನೆಯ ಅಕ್ಷರಕ್ಕೆ ಬೆರಳಿಟ್ಟಳು:
'ತಾ. ದೀರ್ಘ ಐತೆ.'

ಅದನ್ನು ನಾನು ಓದಬೇಕಾಗಲಿಲ್ಲ.