ಹೆಬ್ಬೆರಳು

ಮನಾಮದ ಓಣಿಯೊಂದರಲ್ಲಿ ಕೆಂಪು ಕಾಗದದ ಲಾಟೀನು.
ಬಾಗಿಲು ಸರಿಸಿದ್ದೇ ತಡ, ಒಲೆಯ ಹಿಂದಿನ ನೇಪಾಳಿ ಹುಡುಗರು
ಒಕ್ಕೊರಲಲ್ಲಿ ಜಪಾನಿ ಕೂಗಿದರು.
ನಮ್ಮ ಸಲ್ಡಾನ್ಹಾ ಬೆಚ್ಚಿ
"ವಲೈಕುಮ್ ಸಲಾಂ" ಅಂದುಬಿಟ್ಟ.

ಚಾಪೆ ಹತ್ತುವ ಮುಂಚೆ ಬೂಟು ಬಿಚ್ಚಬೇಕಂತೆ.
ಲೆಕ್ಕದ ವಿಭಾಗ ಪೂರ್ತಿ, ಹನ್ನೊಂದು ಜನ.
ಖೂರಿ ಸಾಹೇಬರು ಮಾತ್ರ ತಡೆದು ನಿಂತರು,
ಆಮೇಲೆ ಬಿಚ್ಚಿದರು:
ಎಡಗಾಲುಚೀಲದ ತೂತಿನಿಂದ
ಇಣುಕಿತು ಹೆಬ್ಬೆರಳು.

ಉಪ್ಪು ಸವರಿದ ಹಸಿರು ಕಾಯಿ ಬಂತು,
ಹಿಚುಕಿದರೆ ಪುಳಕ್ಕನೆ ಹಾರುವ ಕಾಳು.
ನಮ್ಮ ಅವರೆಯ ಸೊಗಡು ಇದಕ್ಕೆಲ್ಲಿ, ಅನ್ನುತ್ತಲೇ
ಎರಡು ಬಟ್ಟಲು ಬರಿದು ಮಾಡಿದೆ.
ಹೊಗೆ, ಕೋಳಿಕಡ್ಡಿ, ಯಾರದೋ ಗ್ಲಾಸಿಗೆ ಯಾರದೋ ಕೈ.

ಮೂರು ವರ್ಷ ಆ ಮನುಷ್ಯನ ಮುಂದೆ
ರಜೆಯ ಅರ್ಜಿ ಹಿಡಿದು ನಡುಗಿದ್ದೆ.
ಈಗ ಮೇಜಿನಡಿ ಆ ಬೆರಳು
ಯಾವುದೋ ಹಾಡಿಗೆ ತಾಳ ಹಾಕುತ್ತಿತ್ತು.

ಬಿಲ್ಲು ಬರುವ ಮೊದಲೇ ಕೇಳಿಬಿಟ್ಟೆ:
"ಸರ್, ಆಗಸ್ಟಿನಲ್ಲಿ ಇಪ್ಪತ್ತು ದಿನ?"