ದಾರಿ ಕೇಳುವ ಫೋನುಗಳು

ಈ ಊರಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವುದಿಲ್ಲ.
ಪೋಸ್ಟ್ ಬಾಕ್ಸ್ ನಂಬರೊಂದೇ ವಿಳಾಸ, ಉಳಿದದ್ದೆಲ್ಲ ಬಾಯಿಮಾತು:
ಶಾರ್ಜಾ, ಇಂಡಸ್ಟ್ರಿಯಲ್ ಏರಿಯಾ ಹತ್ತು,
ಹಳೆ ಟಯರಿನ ರಾಶಿ, ನೀಲಿ ಗುಮ್ಮಟದ ಮಸೀದಿ,
ಕರಕ್ ಚಾ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ
ಏಸಿ ಗುರುಗುಟ್ಟುವ ಕೋಣೆ.
ಅಲ್ಲಿ ನಾನು, ಮತ್ತು ನಮ್ಮ ಸರ್ವರು.

ಅರಬಾಬನಿಗೆ ಕಂಪನಿ ಒಂಬತ್ತು.
ಸ್ಕ್ರಾಪು, ಖರ್ಜೂರ, ಕ್ರೇನು ಬಾಡಿಗೆ, ಲೇಬರ್ ಸಪ್ಲೈ,
ಹೆಂಡತಿಯ ಹೆಸರಲ್ಲೊಂದು ಅಬಾಯಾ ಅಂಗಡಿ.
ಬೋರ್ಡು ಒಂಬತ್ತು, ಡೊಮೇನು ಒಂಬತ್ತು;
ಒಳಹೊಕ್ಕರೆ ಅದೇ ಒಂದು ಪೆಟ್ಟಿಗೆ,
ಅದೇ ಒಂದು ಫ್ಯಾನಿನ ಸದ್ದು.

ಮೊದಲೆಲ್ಲ ಪ್ರತಿ ಫೋನಿಗೂ ನಾನೇ ಹೋಗಬೇಕಿತ್ತು.
ಸಜಾದ ಕ್ಯಾಂಪಿಗೆ, ಹಮ್ರಿಯಾದ ಯಾರ್ಡಿಗೆ,
ಬಂಕಿನ ಮೇಲೆ ಕೂತವರ ಕೈಯಿಂದ ಫೋನು ಇಸಿದುಕೊಂಡು
ಒಳಬರುವುದಕ್ಕೆ ಒಂಬೈನೂರ ತೊಂಬತ್ತಮೂರು,
ಹೊರಹೋಗುವುದಕ್ಕೆ ನಾನೂರ ಅರವತ್ತೈದು.
ಸ್ಟೋರಿನ ಇದಿನಬ್ಬ ಕೇಳಿದ್ದ:
"ಎಂತ ಬಾಯಮ್ಮ, ಇದು ಲಾರಿಯ ನಂಬರಾ?"
ತಿಂಗಳಿಗೊಮ್ಮೆ ಫೋನು ಬಕೆಟ್ಟಿಗೆ ಬೀಳಿಸುವುದು ಅವನ ಅಭ್ಯಾಸ.

ಫೋನಿಗೆ ಗೊತ್ತಿರುವುದು ಎರಡೇ,
ತನ್ನ ಹೆಸರು, ತನ್ನ ಗುಟ್ಟು.
ಆಮೇಲೆ ಅದು ನಿನ್ನೆ ಬಂದಿಳಿದವನ ಹಾಗೆ ಬೀದಿಯಲ್ಲಿ ನಿಂತು ಕೇಳುತ್ತದೆ:
ನನ್ನ ಅಂಚೆಮನೆ ಎಲ್ಲಿ?
ಒಂದು ಜಾತಿಯದು ಆಟೋಡಿಸ್ಕವರ್ ಎಂದು ಕೂಗುತ್ತದೆ,
ಇನ್ನೊಂದು ಆಟೋಕಾನ್ಫಿಗ್ ಎಂದು.
ಯಾರು ಹೇಗೆ ಕೂಗಿದರೂ ಓಗೊಡಬೇಕು,
ಬೆರಳೆಲ್ಲ ಒಂದೇ ಬಾಗಿಲು ತೋರಿಸಬೇಕು.
ರಮ್ಜಾನಿನ ಅರೆದಿನದ ಡ್ಯೂಟಿಯಲ್ಲಿ ಕೂತು
ಬರೆದೆ ಒಂದೇ ಒಂದು ಫೈಲು. ಹೆಸರಿನ ಜಾಗ ಖಾಲಿ ಬಿಟ್ಟೆ.
ಕೇಳಿದವರ ಹೆಸರೇ ಅಲ್ಲಿ ಬಂದು ಕೂರುತ್ತದೆ.

ಮೊದಲ ದಿನ ಎಲ್ಲವೂ ಹೊಸ್ತಿಲಲ್ಲೇ ನಿಂತವು:
ಸರ್ಟಿಫಿಕೇಟಿನ ಮೇಲಿನ ಹೆಸರು ಬೇರೆ, ನಂಬಲೇ?
ಅವುಗಳದೇನೂ ತಪ್ಪಿಲ್ಲ. ನನಗೂ ಹೀಗಾಗಿತ್ತು,
ಟಿಕೇಟಿನಲ್ಲಿ ಬರೀ ಗ್ರೆಟ್ಟಾ ಪಿಂಟೊ,
ಪಾಸ್‌ಪೋರ್ಟಿನಲ್ಲಿ ಅಪ್ಪ, ಅಜ್ಜ, ಎಲ್ಲರೂ.
ಗಾಜಿನ ಹಿಂದಿನ ಹುಡುಗ ನನ್ನ ಮುಖವನ್ನು ಎರಡು ಸಲ ಓದಿದ.
ಎಂಟು ಕಂಪನಿಯ ಹೆಸರನ್ನೂ ಒಂದೇ ಸರ್ಟಿಫಿಕೇಟಿಗೆ ಬರೆಸಿದೆ.
ನಾಲ್ಕು ಗಂಟೆಗೆ ಇದಿನಬ್ಬ, ಕೈಯಲ್ಲಿ ಹೊಸ ಫೋನು.
ವಿಳಾಸ ಒತ್ತಿದ. ಪಾಸ್‌ವರ್ಡು ಒತ್ತಿದ, ಮಗಳು ಹುಟ್ಟಿದ ವರ್ಷ, ಬೈದೆ.
"ಬಂತಲ್ಲ! ಎಂತದೂ ಕೇಳಲೇ ಇಲ್ಲ ಇದು."

ಎಂಟು ಎಂದೆ. ಒಂಬತ್ತನೆಯದು ಮುಚ್ಚಿದ ಕಂಪನಿ.
"ಅದು ಬೇಡ, ಖಲಾಸ್" ಎಂದಿದ್ದರು ಮ್ಯಾನೇಜರು.
ಆದರೆ ಹಳೆಯ ಹೆಸರು ಇನ್ನೂ ನಮ್ಮ ಕಡೆಗೇ ತಿರುಗಿತ್ತು.
ಲಾಗಿನಲ್ಲಿ ದಿನಾ ರಾತ್ರಿ ಎರಡೂ ಹತ್ತಕ್ಕೆ
ಯಾರದೋ ಫೋನು, ಒಂಬತ್ತನೆಯ ಹೆಸರು ಹಿಡಿದು:
ನನ್ನ ಅಂಚೆಮನೆ ಎಲ್ಲಿ?
ನಾನೂರ ನಾಲ್ಕು, ಅನ್ನುತ್ತಿತ್ತು ಸರ್ವರು. ಅಂಥದ್ದೇನೂ ಇಲ್ಲಿಲ್ಲ.
ಮರುರಾತ್ರಿ ಮತ್ತೆ.
ಹದಿನೇಳು ರಾತ್ರಿ ಎಣಿಸಿದೆ.
ಏಳು ತಿಂಗಳ ಸಂಬಳ ಬಾಕಿಯಿಟ್ಟು ಮುಚ್ಚಿದ್ದು ಅದು,
ನಲವತ್ತೊಂದು ಜನ. ಕೆಲವರು ನೇಪಾಳಕ್ಕೆ,
ಕೆಲವರು ಬೇರೆ ಕಫೀಲನ ಕೈಗೆ, ಕೆಲವರು ಎಲ್ಲಿಗೋ.

ಹದಿನೆಂಟನೆಯ ದಿನ, ಯಾರಿಗೂ ಹೇಳದೆ,
ಅದನ್ನೂ ಸೇರಿಸಿದೆ.
ಎರಡು ಸಾಲಿನ ಕೆಲಸ. ಏಸಿಯಲ್ಲೂ ಕೈ ಬೆವರಿತು.

ಎರಡೂ ಹತ್ತು. ಅದು ಕೇಳಿತು, ಇದು ಹೇಳಿತು.
ಒಳಗೆ ಬಂದ ಹೆಸರು: ಟೈಮ್‌ಕೀಪರ್.
ಮನುಷ್ಯನದ್ದಲ್ಲ, ಕೆಲಸದ್ದು.
ನೂರ ಆರು ಪತ್ರ ಇಳಿಸಿಕೊಂಡಿತು. ಒಂದನ್ನೂ ಕಳಿಸಲಿಲ್ಲ.
ಹಾಜರಿ ಪಟ್ಟಿಗಳಿರಬೇಕು, ಯಾರು ಎಷ್ಟು ಗಂಟೆ ಓಟಿ ಮಾಡಿದರೆಂದು.
ಇರಲಿಕ್ಕಿಲ್ಲವೂ. ನಾನು ತೆರೆದು ನೋಡಲಿಲ್ಲ.
ಆ ಕಂಪನಿಯ ಟೈಮ್‌ಕೀಪರ್ ಯಾರಿದ್ದ, ಇದಿನಬ್ಬನನ್ನು ಕೇಳಿದೆ.
ಖರ್ಜೂರದ ಬೀಜ ಅಂಗೈಗೆ ಉಗಿದು
"ಎಂತಕ್ಕೆ ಬಾಯಮ್ಮ?" ಎಂದ.
ಆಮೇಲೆ ರಾತ್ರಿ ಎರಡೂ ಹತ್ತಕ್ಕೆ ಯಾರೂ ಬಂದಿಲ್ಲ.

ಸರ್ಟಿಫಿಕೇಟಿನ ಆಯುಸ್ಸು ತೊಂಬತ್ತು ದಿನ,
ವಿಸಿಟ್ ವೀಸಾದ ಹಾಗೆ.
ತಾನಾಗಿ ನವೀಕರಣವಾಗುವಂತೆ ಬರೆದಿಟ್ಟಿದ್ದೇನೆ,
ಒಂಬತ್ತೂ ಹೆಸರಿಗೆ.
ನನ್ನದು ಡಿಸೆಂಬರಿಗೆ ಮುಗಿಯುತ್ತದೆ.
ಅದಕ್ಕೆ ಈಗಲೂ ಫೋಟೋ ಹಿಡಿದು
ಟೈಪಿಂಗ್ ಸೆಂಟರಿನ ಕ್ಯೂನಲ್ಲೇ ನಿಲ್ಲಬೇಕು.